ಮಳೆ ಹಿಡಿದ ಮೇಲೆ ಚರ್ಚಿನ ಮೈಕ್ ಕೂಗುತ್ತಿದೆ, ಫೀಡ್‌ಬ್ಯಾಕ್ ಸಪ್ರೆಸರ್ ತಗೊಳ್ಳಲಾ?

ಸಿದ್ದಾಪುರದವ:
ಎಲ್ಲರಿಗೂ ನಮಸ್ಕಾರ. ನಮ್ಮದು ಸಿದ್ದಾಪುರದ ಹತ್ತಿರ ಕಾಫಿ ತೋಟಗಳ ನಡುವಿನ ಚಿಕ್ಕ ಚರ್ಚು. ಹೆಸರು ಬೇಡ, ಗೊತ್ತಿದ್ದವರು ನಗುತ್ತಾರೆ. 60 ಅಡಿ ಉದ್ದ, 28 ಅಡಿ ಅಗಲ. ಭಾನುವಾರ ಸುಮಾರು 150 ಜನ. ಮೈಕ್ ನೋಡಿಕೊಳ್ಳುವುದು ನಾನು. ಕಲಿತು ಬಂದವನಲ್ಲ. ಮೊದಲು ನೋಡುತ್ತಿದ್ದ ಹುಡುಗನಿಗೆ ಮೈಸೂರಲ್ಲಿ ಕೆಲಸ ಸಿಕ್ಕಿತು, ಬೀಗದ ಕೈ ನನ್ನ ಕೈಗೆ ಬಂತು, ಅಷ್ಟೇ.

ಬೇಸಿಗೆಯಲ್ಲಿ ಹೇಗೋ ನಡೆದುಹೋಗುತ್ತಿತ್ತು. ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ಪ್ರತಿ ಭಾನುವಾರ ಕುಂಯ್ ಅಂತ ಕೂಗುತ್ತಿದೆ. ಹೋದ ವಾರ ಸುವಾರ್ತೆ ಓದುವಾಗಲೇ ಮೂರು ಸಲ. ಫಾದರ್ ನಿಲ್ಲಿಸಿ ನನ್ನ ಕಡೆ ನೋಡಿದರು. ಇಡೀ ಚರ್ಚು ತಿರುಗಿ ನೋಡಿತು. ನಾನು ಮಿಕ್ಸರ್ ಹಿಂದೆ ಕೂತುಬಿಟ್ಟೆ.

ಇರುವ ಸಾಮಾನು: 8 ಚಾನೆಲ್ ಮಿಕ್ಸರ್, 250 ವ್ಯಾಟ್ ಆಂಪ್, ನಾಲ್ಕು ಕಾಲಂ ಬಾಕ್ಸ್, ದಾನವಾಗಿ ಬಂದ ಒಂದು 12 ಇಂಚಿನ ಪವರ್ಡ್ ಸ್ಪೀಕರ್. ಬಲಿಪೀಠದ ಮೇಲೆ ಒಂದು ಮೈಕ್, ವಾಚನಪೀಠಕ್ಕೆ ಒಂದು, ಫಾದರ್‌ಗೆ ಕಾಲರ್ ಮೈಕ್, ಕೊಯರ್‌ಗೆ ನಾಲ್ಕು.

ಅಂಗಡಿಯವರು ಬಂದು ನೋಡಿ, ಫೀಡ್‌ಬ್ಯಾಕ್ ಸಪ್ರೆಸರ್ (ಈ ಕೂಗು ತಡೆಯುವ ಡಬ್ಬ) ಹಾಕಿಸಿ, 18,000 ಆಗುತ್ತದೆ, ಆಮೇಲೆ ಕೂಗುವ ಮಾತೇ ಇಲ್ಲ ಅಂದರು. ಕಮಿಟಿ ಒಪ್ಪಿದೆ. ಹಾಕಿಸಲಾ?

ಕಾಫಿ ಗೋಣಿ:
ಮೈಕಿಗೆ ದಪ್ಪ ಸ್ಪಂಜ್ ಟೋಪಿ ಹಾಕಿ. ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿ. ಖರ್ಚು 200 ರೂಪಾಯಿ. ನಮ್ಮ ಮಾವನ ಮನೆಯಲ್ಲಿ ಕರೋಕೆ ರೂಮಿಗೆ ಹಾಗೇ ಮಾಡಿದ್ದೇವೆ.

ಮೈಕ್‌ಸೆಟ್ ಅಣ್ಣ, ಕುಶಾಲನಗರ:
ಸ್ಪಂಜ್ ಇರುವುದು ಉಸಿರು, ಗಾಳಿ ತಡೆಯಲಿಕ್ಕೆ. ಸದ್ದು ಅದರಲ್ಲಿ ಸಲೀಸಾಗಿ ದಾಟುತ್ತದೆ, ಕೂಗುವುದೂ ದಾಟುತ್ತದೆ. ಮೊಟ್ಟೆ ಟ್ರೇ ಬಿಡಿ. ಅದು ತೆಳು ರಟ್ಟು, ಹೀರುವುದು ಸ್ವಲ್ಪ. ಮೇಣದಬತ್ತಿ ಉರಿಯುವ ಜಾಗದಲ್ಲಿ ರಟ್ಟು ಅಂಟಿಸುವುದು ಬೇಡವೇ ಬೇಡ.

ಸಿದ್ದಾಪುರದವರೇ, ದುಡ್ಡು ಈಗಲೇ ಕೊಡಬೇಡಿ. ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಕೊಡಿ. ಸ್ಪೀಕರ್‌ಗಳು ಎಲ್ಲಿವೆ, ಯಾವ ಕಡೆ ನೋಡುತ್ತಿವೆ? ಫಾದರ್ ಬಾಯಿಗೂ ಮೈಕಿಗೂ ಎಷ್ಟು ದೂರ? ಪೂಜೆ ನಡೆಯುವಾಗ ಒಟ್ಟಿಗೆ ಎಷ್ಟು ಮೈಕ್ ಆನ್ ಇರುತ್ತವೆ? ಮಿಕ್ಸರ್‌ನಲ್ಲಿ ಎಕೋ ಹಾಕಿದ್ದೀರಾ?

ಸಿದ್ದಾಪುರದವ:
ಅಣ್ಣ, ಕಾಲಂ ಬಾಕ್ಸ್ ನಾಲ್ಕೂ ಪಕ್ಕದ ಗೋಡೆಯಲ್ಲಿವೆ. ಹೋದ ವರ್ಷ ಬಣ್ಣ ಬಳಿದಾಗ ಅಂದ ಕಾಣಲಿ ಅಂತ ಅಡ್ಡ ಮಲಗಿಸಿ ಹೊಡೆದರು. ದಾನದ ಸ್ಪೀಕರ್ ಬಲಿಪೀಠದ ಹಿಂದಿನ ಗೋಡೆಯ ಸ್ಟ್ಯಾಂಡ್ ಮೇಲೆ, ಜನರ ಕಡೆ ನೋಡುತ್ತದೆ. ಫಾದರ್ ಸುಮಾರು ಒಂದು ಮೊಳ ಹಿಂದೆ ನಿಲ್ಲುತ್ತಾರೆ, ಮೆಲ್ಲಗೆ ಮಾತಾಡುತ್ತಾರೆ. ಏಳು ಮೈಕೂ ಶುರುವಿನಿಂದ ಕೊನೆವರೆಗೆ ಆನ್. ಎಕೋ ಇದೆ, ಕೊಯರಿನವರು ಬೇಕು ಅಂತಾರೆ. ಎಲ್ಲಾ ಚಾನೆಲ್‌ಗೂ ಹಾಕಿದ್ದೇನೆ.

ಇನ್ನೊಂದು. ಹೋದ ವರ್ಷವೇ ಹಂಚು ತೆಗೆಸಿ ಶೀಟ್ ಹಾಕಿಸಿದೆವು. ಸೋರುತ್ತಿತ್ತು.

ಕಾಫಿ ಗೋಣಿ:
ಸಂಗೀತ ಕಚೇರಿಗೆ ಎಲ್ಲಾ ತಯಾರಿ ಆಗಿದೆ. ತಂಬೂರಿಯನ್ನು ಮೈಕೇ ನುಡಿಸುತ್ತದೆ.

ಮೈಕ್‌ಸೆಟ್ ಅಣ್ಣ, ಕುಶಾಲನಗರ:
ನಗಬೇಡಿ, ಹತ್ತರಲ್ಲಿ ಎಂಟು ಕಡೆ ಹೀಗೇ ಇರುತ್ತದೆ. ಒಂದೊಂದಾಗಿ ಹೇಳುತ್ತೇನೆ.

ಮೊದಲು ದಾನದ ಸ್ಪೀಕರ್. ಬಲಿಪೀಠದ ಮೈಕಿನ ಮುಖ ಎತ್ತ ಇದೆ ಹೇಳಿ? ಫಾದರ್ ಕಡೆ. ಫಾದರ್ ಹಿಂದೆ ಏನಿದೆ? ಸ್ಪೀಕರ್. ಅಂದರೆ ಮೈಕು ನೇರವಾಗಿ ಸ್ಪೀಕರ್ ಬಾಯಿ ನೋಡಿಕೊಂಡು ಕೂತಿದೆ. ಸಾಮಾನ್ಯ ಕಾರ್ಡಿಯಾಯ್ಡ್ ಮೈಕ್ ಎದುರಿಗಿನ ಸದ್ದನ್ನು ಚೆನ್ನಾಗಿ ಹಿಡಿಯುತ್ತದೆ, ಬೆನ್ನಿನ ಸದ್ದನ್ನು ಬಿಡುತ್ತದೆ. ನೀವು ಅದಕ್ಕೆ ತಿರುಗಾಮುರುಗಾ ಮಾಡಿಟ್ಟಿದ್ದೀರಿ. ಸ್ಪೀಕರನ್ನು ಮೈಕಿಗಿಂತ ಮುಂದೆ, ಜನರ ಕಡೆ ತನ್ನಿ. ಆರು ಅಡಿಯಾದರೂ ಮುಂದೆ ಬರಲಿ. ಅದೊಂದರಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

ಎರಡನೆಯದು ಕಾಲಂ ಬಾಕ್ಸ್. ಅದರಲ್ಲಿ ಚಿಕ್ಕ ಚಿಕ್ಕ ಸ್ಪೀಕರ್ ಒಂದರ ಮೇಲೊಂದು ಯಾಕಿಟ್ಟಿದ್ದಾರೆ? ನಿಲ್ಲಿಸಿದರೆ ಸದ್ದು ಅಗಲಕ್ಕೆ ಹರಡುತ್ತದೆ, ಮೇಲೆ ಕೆಳಗೆ ಕಡಿಮೆ ಹೋಗುತ್ತದೆ. ಜನರ ತಲೆಗಳ ಮೇಲೆ ಚಾಪೆ ಹಾಸಿದ ಹಾಗೆ. ಅಡ್ಡ ಮಲಗಿಸಿದರೆ ಅದೇ ಚಾಪೆ ನೆಟ್ಟಗೆ ನಿಲ್ಲುತ್ತದೆ. ಸದ್ದು ಶೀಟಿಗೆ, ನೆಲಕ್ಕೆ ಹೋಗುತ್ತದೆ. ನಡುವಿನ ಜನರಿಗೆ ಕೇಳುವುದಿಲ್ಲ, ನೀವು ವಾಲ್ಯೂಮ್ ಏರಿಸುತ್ತೀರಿ, ಶೀಟಿಗೆ ಬಡಿದದ್ದು ಮೈಕಿಗೆ ವಾಪಸ್. ನಿಲ್ಲಿಸಿ, ಸ್ವಲ್ಪ ಕೆಳಕ್ಕೆ ಬಾಗಿಸಿ. ಪೇಂಟರ್‌ಗೆ ಬೇಜಾರಾದರೆ ಆಗಲಿ.

ಮೂರನೆಯದು ಆ ಮೊಳ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧ ಮಾಡಿದರೆ 6 ಡಿಬಿ (ಡೆಸಿಬೆಲ್, ಸದ್ದಿನ ಮಟ್ಟದ ಅಳತೆ) ಸಿಗುತ್ತದೆ. ಮೊಳದಿಂದ ಗೇಣಿಗೆ ಬಂದರೆ 6. ಗೇಣಿನಿಂದ ಅರ್ಧ ಗೇಣಿಗೆ ಬಂದರೆ ಇನ್ನೊಂದು 6. ಒಟ್ಟು 12 ಡಿಬಿ, ಪುಕ್ಕಟೆ. ಯಾವ ಡಬ್ಬವೂ ಇಷ್ಟು ಕೊಡುವುದಿಲ್ಲ.

ನಾಲ್ಕನೆಯದು ಆನ್ ಇರುವ ಮೈಕುಗಳು. ತೆರೆದ ಮೈಕಿನ ಸಂಖ್ಯೆ ಎರಡು ಪಟ್ಟಾದರೆ ಕೂಗುವ ಮೊದಲು ಸಿಗುವ ಜಾಗದಲ್ಲಿ 3 ಡಿಬಿ ಹೋಗುತ್ತದೆ. ಏಳು ಮೈಕ್ ಅಂದರೆ 8 ಡಿಬಿಗಿಂತ ಸ್ವಲ್ಪ ಜಾಸ್ತಿ. ಓದುವಾಗ ಓದುವ ಮೈಕ್ ಒಂದೇ ಇರಲಿ. ಕೊಯರ್ ಹಾಡು ಮುಗಿದ ಕೂಡಲೇ ಅವರ ನಾಲ್ಕೂ ಕೆಳಗೆ. ಅದಕ್ಕೇ ಅಲ್ವಾ ನಿಮ್ಮನ್ನು ಅಲ್ಲಿ ಕೂರಿಸಿರುವುದು.

ಎಕೋ ಬಗ್ಗೆ ಹೇಳಬೇಕಾ? ಮಾತಿನ ಮೈಕಿಗೆ ಎಕೋ ಹಾಕಿದರೆ ಸದ್ದು ತಿರುಗಿ ಬರುವುದಕ್ಕೆ ಇನ್ನೊಂದು ದಾರಿ ಮಾಡಿಕೊಟ್ಟ ಹಾಗೆ. ತೆಗೆಯಿರಿ.

ಬೆಂಗಳೂರಲ್ಲಿರೋ ಕೊಡಗಿನವ:
ಅಣ್ಣ, ಇದೆಲ್ಲ ಹಳೇ ಕಾಲದ ಮಾತು. ಈಗ ಡಿಜಿಟಲ್ ಮಿಕ್ಸರ್ ಬಂದಿದೆ. ಒಳಗೇ ಆಟೋ ಮಿಕ್ಸ್ ಇರುತ್ತದೆ, ಮಾತಾಡುವ ಮೈಕಿಗೆ ತಾನೇ ಜಾಗ ಕೊಡುತ್ತದೆ, ಉಳಿದದ್ದನ್ನು ತಗ್ಗಿಸುತ್ತದೆ. ಸಪ್ರೆಸರ್ ಕೂಡ ಇರುತ್ತದೆ. ಒಂದು ಸಲ ದುಡ್ಡು ಹಾಕಿ, ಹತ್ತು ವರ್ಷ ನಿಶ್ಚಿಂತೆ. ಪಾಪ ಆ ಹುಡುಗ ಫೇಡರ್ (ಜಾರಿಸುವ ವಾಲ್ಯೂಮ್ ಗುಂಡಿ) ಹಿಡಿದುಕೊಂಡು ಪೂಜೆ ಕೇಳುವುದು ಯಾವಾಗ?

ಹಳೇ ರೇಡಿಯೋ:
ನಾನು ರೇಡಿಯೋ ಕೆಲಸ ಮಾಡಿ ನಿವೃತ್ತಿಯಾದವನು. ಎರಡು ಮಾತು ಸೇರಿಸುತ್ತೇನೆ. ಉದ್ದ ಆದರೆ ಕ್ಷಮಿಸಿ, ಹೊರಗೆ ಮಳೆ, ಒಳಗೆ ಬೇರೆ ಕೆಲಸ ಇಲ್ಲ.

ಫೀಡ್‌ಬ್ಯಾಕ್ ಅಂದರೆ ಚಕ್ರಬಡ್ಡಿ. ಮೈಕಿಗೆ ಹೋದ ಸದ್ದು ಸ್ಪೀಕರ್‌ನಲ್ಲಿ ಬಂದು, ಗೋಡೆ ಸುತ್ತಿ, ಮತ್ತೆ ಮೈಕಿಗೆ ಬರುತ್ತದೆ. ಒಂದು ಸುತ್ತಿನಲ್ಲಿ ಅಸಲಿಗಿಂತ ಕಡಿಮೆ ವಾಪಸ್ ಬಂದರೆ ಸದ್ದು ಸತ್ತುಹೋಗುತ್ತದೆ. ಕೂದಲೆಳೆ ಜಾಸ್ತಿ ಬಂದರೂ ಪ್ರತಿ ಸುತ್ತಿಗೆ ಬೆಳೆಯುತ್ತದೆ. ಸುತ್ತು ಮುಗಿಯಲು ಸೆಕೆಂಡಿನ ಸಣ್ಣ ಚೂರು ಸಾಕು, ಹಾಗಾಗಿ ಕಣ್ಣು ಮಿಟುಕಿಸುವುದರೊಳಗೆ ಕೂಗು. ಎಲ್ಲಾ ಸ್ವರವೂ ಒಟ್ಟಿಗೆ ಕೂಗುವುದಿಲ್ಲ. ಆ ಕಟ್ಟಡ, ಆ ಮೈಕ್, ಆ ಸ್ಪೀಕರ್ ಸೇರಿ ಯಾವ ಸ್ವರವನ್ನು ಹೆಚ್ಚು ಎತ್ತಿ ಹಿಡಿಯುತ್ತವೋ ಅದೇ ಮೊದಲು ಕೂಗುವುದು. ಡೆನ್ಮಾರ್ಕಿನ ವಿಜ್ಞಾನಿ ಲಾರ್ಸೆನ್ ಇದನ್ನು ವಿವರಿಸಿದ, ಅದಕ್ಕೇ ಲಾರ್ಸೆನ್ ಪರಿಣಾಮ ಅಂತಲೂ ಹೇಳುತ್ತಾರೆ.

ಈಗ ಸಿದ್ದಾಪುರದವರ ನಿಜವಾದ ಪ್ರಶ್ನೆಗೆ ಬರುತ್ತೇನೆ. ಯಾರೂ ಅದನ್ನು ಮುಟ್ಟಲಿಲ್ಲ. ಮಳೆ ಶುರುವಾದ ಮೇಲೇ ಯಾಕೆ?

ಕಿಟಕಿ ಮುಚ್ಚಿದ್ದೀರಿ ತಾನೇ?

1895ರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಒಂದು ಉಪನ್ಯಾಸ ಕೋಣೆಯಲ್ಲಿ ಮಾತೇ ಅರ್ಥವಾಗುತ್ತಿರಲಿಲ್ಲ. ವಾಲೇಸ್ ಸೇಬಿನ್ ಎಂಬ ಎಳೆಯ ಮೇಷ್ಟ್ರಿಗೆ ಸರಿ ಮಾಡಲು ಹೇಳಿದರು. ಆತ ಪಕ್ಕದ ನಾಟಕಶಾಲೆಯಿಂದ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು, ಹಾಕಿ, ತೆಗೆದು, ಸದ್ದು ಎಷ್ಟು ಹೊತ್ತು ಉಳಿಯುತ್ತದೆ ಅಂತ ಅಳೆದ. ಹೀರುವಿಕೆಗೆ ಆತ ಹಿಡಿದ ಅಳತೆ ಯಾವುದು ಗೊತ್ತೇ? ತೆರೆದ ಕಿಟಕಿ. ಕಿಟಕಿಯಿಂದ ಹೋದ ಸದ್ದು ವಾಪಸ್ ಬರುವುದಿಲ್ಲ, ಹಾಗಾಗಿ ಒಂದು ಚದರಡಿ ತೆರೆದ ಕಿಟಕಿ ಅಂದರೆ ಒಂದು ಪೂರ್ಣ ಅಳತೆ. ಬಟ್ಟೆ ತೊಟ್ಟ ಒಬ್ಬ ಮನುಷ್ಯ ಹೆಚ್ಚುಕಡಿಮೆ ನಾಲ್ಕೈದು ಚದರಡಿ ಕಿಟಕಿಗೆ ಸಮ. ನಿಮ್ಮಲ್ಲಿ ನಾಲ್ಕಡಿಗೆ ಮೂರಡಿಯ ಹತ್ತು ಕಿಟಕಿ ಇದ್ದರೆ 120 ಚದರಡಿ. ಮುಚ್ಚಿದಿರಿ ಅಂದರೆ ಇಪ್ಪತ್ತೈದು ಮೂವತ್ತು ಜನ ಎದ್ದು ಹೋದ ಹಾಗೆ. ಮಳೆಗೆ ಹೆದರಿ ನಿಜವಾಗಿಯೂ ಒಂದಷ್ಟು ಜನ ಬರುವುದಿಲ್ಲ, ಅದೂ ಲೆಕ್ಕಕ್ಕೆ. ಬಂದವರು ಸ್ವೆಟರ್ ಹಾಕಿಕೊಂಡು ಬರುತ್ತಾರೆ ಅನ್ನುವುದೊಂದೇ ಲಾಭ.

ಇದರ ಮೇಲೆ ಶೀಟು. ಹಂಚಿನ ಸಂದಿಗಳಲ್ಲಿ ಸದ್ದು ಒಂದಿಷ್ಟು ಸೋರಿಹೋಗುತ್ತಿತ್ತು. ಮಳೆ ಜೊತೆಗೆ ಅದೂ ಸೋರುತ್ತಿತ್ತು ಅನ್ನಿ. ಶೀಟಿನ ಮೇಲೆ ನಮ್ಮ ಆಷಾಢದ ಮಳೆ ಬಿದ್ದರೆ ಪಕ್ಕದವನ ಮಾತೂ ಕೇಳುವುದಿಲ್ಲ. ಫಾದರ್ ಮಾತು ಕೇಳಿಸಬೇಕು ಅಂತ ನೀವು ಗೇನ್ ಏರಿಸುತ್ತೀರಿ. ಒಳಗೆ ಹೀರುವುದು ಕಡಿಮೆ, ಹೊರಗೆ ಗದ್ದಲ ಜಾಸ್ತಿ, ನಡುವೆ ಸಿಕ್ಕವರು ನೀವು.

ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಚರಿತ್ರೆ 1792ರಿಂದ ಶುರು, ದೊಡ್ಡ ವೀರರಾಜೇಂದ್ರನ ಕಾಲ. ಆಗ ಮೈಕೇ ಇರಲಿಲ್ಲ. ಹಳೇ ದೊಡ್ಡ ಚರ್ಚುಗಳಲ್ಲಿ ಪೂಜೆಯನ್ನು ರಾಗವಾಗಿ, ನಿಧಾನವಾಗಿ ಹೇಳುತ್ತಿದ್ದುದರಲ್ಲಿ ಕಟ್ಟಡದ ಪಾಲೂ ಇದೆ. ಗುಂಯ್‌ಗುಡುವ ಜಾಗದಲ್ಲಿ ಬೇಗ ಮಾತಾಡಿದರೆ ಒಂದು ಅಕ್ಷರದ ಮೇಲೆ ಇನ್ನೊಂದು ಹತ್ತಿ ಕೂರುತ್ತದೆ. ನಿಮ್ಮ ಫಾದರ್‌ಗೆ ಇದನ್ನೂ ಮೆಲ್ಲಗೆ ಹೇಳಿನೋಡಿ.

ಬೆಂಗಳೂರಿನವರಿಗೆ: ಸಪ್ರೆಸರ್ ಕೆಟ್ಟದ್ದಲ್ಲ. ಅದು ಕೂಗುವ ಸ್ವರ ಹುಡುಕಿ ಅಲ್ಲಿ ಕಿರಿದಾದ ಗುಂಡಿ ತೋಡುತ್ತದೆ. ಆದರೆ ಎಳೆದು ಹಿಡಿದ ಕೀಬೋರ್ಡ್ ಸ್ವರವನ್ನೂ ಎಷ್ಟೋ ಸಲ ಕೂಗು ಅಂತ ತಪ್ಪು ತಿಳಿದು ಅಲ್ಲೂ ತೋಡುತ್ತದೆ. ಇನ್ನೊಂದು ಜಾತಿ ಇದೆ, ಇಡೀ ಸದ್ದನ್ನೇ ನಾಲ್ಕೈದು ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಸರಿಸುವುದು. ಮ್ಯಾನ್‌ಫ್ರೆಡ್ ಶ್ರೋಡರ್ 1960ರ ದಶಕದಲ್ಲಿ ತೋರಿಸಿದ ಉಪಾಯ. ಮಾತಿಗೆ ಚೆನ್ನ, ಹಾಡಿಗೆ ಶ್ರುತಿ ಕೆಡುತ್ತದೆ. ಯಾವುದೇ ಆದರೂ ಸಿಗುವುದು ಕೆಲವೇ ಡಿಬಿ. ಸ್ಪೀಕರ್ ಮೈಕಿನ ಎದುರಿಗೇ ಇರುವ ತನಕ ಆ ಕೆಲವು ಡಿಬಿ ಸಮುದ್ರಕ್ಕೆ ಉಪ್ಪು ಹಾಕಿದಂತೆ.

ನಾಪೋಕ್ಲು ಮೈಕ್:
ನಾನು ಮಸೀದಿಯ ಮೈಕ್ ನೋಡುವವ. ನಮಗೂ ಇದೇ ಗೋಳಿತ್ತು. ಇಮಾಮರು ನಿಲ್ಲುವ ಮಿಹ್ರಾಬ್ ಗೂಡಿನ ಹಾಗೆ ಒಳಕ್ಕೆ ಬಾಗಿರುತ್ತದೆ. ಅದು ಬಟ್ಟಲಿದ್ದ ಹಾಗೆ, ಹಾಲ್‌ನ ಸದ್ದನ್ನೆಲ್ಲ ಕೂಡಿಸಿ ಮೈಕಿರುವ ಜಾಗಕ್ಕೇ ತರುತ್ತದೆ. ಮೈಕನ್ನು ಎರಡಡಿ ಪಕ್ಕಕ್ಕೆ ಸರಿಸಿದೆವು, ಬಹಳ ಇಳಿಯಿತು. ನಿಮ್ಮ ಬಲಿಪೀಠದ ಹಿಂದಿನ ಗೋಡೆ ಅರ್ಧಚಂದ್ರದ ಹಾಗಿದ್ದರೆ ಅದನ್ನೂ ನೋಡಿ.

ಸಿದ್ದಾಪುರದವ:
ಹೌದು ಅಣ್ಣ, ಅರ್ಧಚಂದ್ರವೇ! ಮೈಕ್ ಸರಿಯಾಗಿ ನಡುವೆ ಇದೆ. ಇಷ್ಟು ವರ್ಷ ಅದು ಅಂದ ಅಂದುಕೊಂಡಿದ್ದೆ.

ಕೀಬೋರ್ಡ್ ಅಕ್ಕ:
ಕೊಯರಿನವರನ್ನು ಬೈಯುವ ಮೊದಲು ನಮ್ಮ ಮಾತೂ ಕೇಳಿ. ನಮಗೆ ನಮ್ಮ ದನಿಯೇ ಕೇಳುವುದಿಲ್ಲ. ಅದಕ್ಕೆ ಎಕೋ ಕೇಳುತ್ತೇವೆ, ಅದಕ್ಕೆ ಮಾನಿಟರ್, ಅಂದರೆ ನಮ್ಮ ಕಡೆ ತಿರುಗಿಸಿಟ್ಟ ಸ್ಪೀಕರ್, ಜೋರು ಕೇಳುತ್ತೇವೆ. ಮೈಕಿನವರು ನಮ್ಮ ಮುಖವನ್ನೇ ನೋಡುವುದಿಲ್ಲ. ನಾನು ಬೇರೆ ಚರ್ಚಿನವಳು, ಆದರೆ ಕಥೆ ಎಲ್ಲಾ ಕಡೆ ಒಂದೇ.

ಒಂದು ಉಪಾಯ ಹೇಳುತ್ತೇನೆ. ಮೈಕ್ ಕೂಗುವಾಗ ಯಾವ ಸ್ವರ ಅಂತ ನಾನು ಕೀಬೋರ್ಡ್‌ನಲ್ಲಿ ಹುಡುಕುತ್ತೇನೆ. ಮಧ್ಯದ ಸಿ ಸುಮಾರು 262 ಹರ್ಟ್ಜ್, ಅದರ ಮೇಲಿನ ಎ 440. ಒಂದು ಸ್ಥಾಯಿ ಮೇಲೆ ಹೋದರೆ ಎರಡು ಪಟ್ಟು. ನಮ್ಮಲ್ಲಿ ಕೂಗುತ್ತಿದ್ದದ್ದು 880ರ ಎ. ಮೈಕಿನ ಹುಡುಗ ಈಕ್ವಲೈಸರ್‌ನಲ್ಲಿ (ಬೇರೆ ಬೇರೆ ಸ್ವರಗಳ ಸದ್ದು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ) ಆ ನಂಬರ್ ಹತ್ತಿರದ ಪಟ್ಟಿ ಮೂರು ಗೆರೆ ಇಳಿಸಿದ, ನಿಂತಿತು. ಕೊಯರ್ ಮತ್ತು ಮೈಕ್ ಜಗಳ ಆಡುವುದಕ್ಕಿಂತ ಇದು ವಾಸಿ.

ಹಳೇ ರೇಡಿಯೋ:
ಅಕ್ಕ, ಭಲೇ. ಕೀಬೋರ್ಡ್ ಇಲ್ಲದಿದ್ದರೆ ಕಿವಿಯಿಂದ ಅಂದಾಜು ಮಾಡಲು ನಮ್ಮ ಸ್ವರಾಕ್ಷರಗಳೇ ಇವೆ. ಊ ಅಂದ ಹಾಗೆ ಕೂಗಿದರೆ 250 ಆಸುಪಾಸು, ಓ ಅಂದರೆ 500, ಆ ಅಂದರೆ 1000, ಏ ಅಂದರೆ 2000, ಈ ಅಂದರೆ 3000 ಮೇಲೆ. ಒರಟು ಲೆಕ್ಕ, ಆದರೆ ಯಾವ ತಿರುಗಣೆಗೆ ಕೈ ಹಾಕಬೇಕು ಅಂತ ಗೊತ್ತಾಗುತ್ತದೆ.

ಮೈಕ್‌ಸೆಟ್ ಅಣ್ಣ, ಕುಶಾಲನಗರ:
ಅಕ್ಕ ಹೇಳಿದ ಮಾನಿಟರ್ ವಿಷಯ ಸರಿ. ಕೊಯರ್ ಮೈಕ್ ಕಾರ್ಡಿಯಾಯ್ಡ್ ಆದರೆ ಮಾನಿಟರ್ ಅದರ ಬೆನ್ನಿಗೆ ನೇರ ಇರಬೇಕು. ಸೂಪರ್ ಕಾರ್ಡಿಯಾಯ್ಡ್ ಆದರೆ ಬೆನ್ನಲ್ಲೂ ಸ್ವಲ್ಪ ಕಿವಿ ಇರುತ್ತದೆ. ಅದು ಕಿವುಡಾಗುವುದು ಎದುರಿನಿಂದ 126 ಡಿಗ್ರಿ ಸುತ್ತಮುತ್ತ, ಅಂದರೆ ಹಿಂಬದಿಯ ಮೂಲೆಗಳಲ್ಲಿ. ಮಾನಿಟರ್ ಅಲ್ಲಿಡಿ. ಮೈಕಿನ ಡಬ್ಬಿಯ ಚೀಟಿಯಲ್ಲಿ ಚಿತ್ರ ಇರುತ್ತದೆ, ನೋಡಿ.

ಇನ್ನೊಂದು, ಇದನ್ನು ಎಲ್ಲರಿಗೂ ಹೇಳಿಕೊಡಿ. ಮೈಕ್ ಕೂಗಿದ ಕೂಡಲೇ ಜನ ಏನು ಮಾಡುತ್ತಾರೆ? ಅಂಗೈಯಿಂದ ಮೈಕಿನ ತಲೆ ಮುಚ್ಚುತ್ತಾರೆ. ಅದು ಇನ್ನೂ ಜೋರಾಗಿ ಕೂಗುತ್ತದೆ. ಜಾಲರಿಯ ಹಿಂದೆ ಇರುವ ಸಂದುಗಳಿಂದಲೇ ಮೈಕಿಗೆ ದಿಕ್ಕು ಗೊತ್ತಾಗುವುದು. ಅವನ್ನು ಮುಚ್ಚಿದರೆ ಅದು ನಾಲ್ಕೂ ಕಡೆಯಿಂದ ಕೇಳತೊಡಗುತ್ತದೆ. ಹುಡುಗರು ಸ್ಟೈಲಿಗೆ ತಲೆ ಹಿಡಿದು ಹಾಡುವುದೂ ಅಷ್ಟೇ. ಹಿಡಿ ಹಿಡಿಯಿರಿ, ತಲೆ ಬಿಡಿ.

ಸಿದ್ದಾಪುರದವ:
ಎಲ್ಲಾ ಅರ್ಥವಾಯಿತು. ಈಗ ಕಷ್ಟ ಬೇರೆಯದು. ದಾನದ ಸ್ಪೀಕರ್ ಮೇಲೆ ದಾನಿಗಳ ಹೆಸರಿನ ಹಿತ್ತಾಳೆ ಫಲಕ ಇದೆ. ಅವರು ಇಲ್ಲಿನ ತೋಟದವರು, ತೀರಿಹೋದ ಅಪ್ಪನ ನೆನಪಿಗೆ ಕೊಟ್ಟದ್ದು. ಪೀಠದ ಹಿಂದಿನಿಂದ ತೆಗೆದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಎರಡನೆಯದು, ಫಾದರ್‌ಗೆ 'ಮೈಕಿಗೆ ಹತ್ತಿರ ಬನ್ನಿ' ಅಂತ ಹೇಳುವವರು ಯಾರು? ಹಿಂದಿನ ಹುಡುಗ ಒಂದು ಸಲ ಹೇಳಿದ್ದನಂತೆ. 'ನಾನು ಮೈಕಿಗೆ ಪ್ರಾರ್ಥನೆ ಮಾಡುವುದಲ್ಲ' ಅಂದರಂತೆ.

ಕಾಫಿ ಗೋಣಿ:
ಫಾದರ್ ಹೇಳಿದ್ದರಲ್ಲಿ ತಪ್ಪೇನಿದೆ?

ನಾಪೋಕ್ಲು ಮೈಕ್:
ದಾನಿಗಳನ್ನೇ ಶನಿವಾರ ಕರೆಯಿರಿ. ಅವರ ಎದುರೇ ಕೂಗಿಸಿ ತೋರಿಸಿ. ಆಮೇಲೆ ಮುಂದೆ ಇಟ್ಟು ಕೇಳಿಸಿ. ಫಲಕ ಜನರಿಗೆ ಇನ್ನೂ ಹತ್ತಿರ ಆಗುತ್ತದೆ ಅಲ್ವಾ.

ಮೈಕ್‌ಸೆಟ್ ಅಣ್ಣ, ಕುಶಾಲನಗರ:
ಫಾದರನ್ನು ಸರಿಸಲು ಆಗದಿದ್ದರೆ ಮೈಕನ್ನು ಸರಿಸಿ. ಬಾಗುವ ಕತ್ತಿನ ಉದ್ದ ಮೈಕ್ ಹಾಕಿ. ಪೂಜೆಯ ಪುಸ್ತಕ ಅಡ್ಡ ಬರದ ಹಾಗೆ ಪಕ್ಕದಿಂದ ತಂದು ಬಾಯಿಯ ಕಡೆ ತಿರುಗಿಸಿ. ಅವರು ಅಲ್ಲೇ ನಿಲ್ಲಲಿ.

(ಹನ್ನೊಂದು ದಿನಗಳ ನಂತರ)

ಸಿದ್ದಾಪುರದವ:
ವರದಿ ಕೊಡುತ್ತೇನೆ. ಶನಿವಾರ ಮಧ್ಯಾಹ್ನ ಮೂರು ಜನ ಸೇರಿ ಕಾಲಂ ಬಾಕ್ಸ್ ನಾಲ್ಕನ್ನೂ ನಿಲ್ಲಿಸಿದೆವು. ಗೋಡೆಯಲ್ಲಿ ಹಳೇ ತೂತುಗಳು ಕಾಣುತ್ತಿವೆ. ಕಮಿಟಿಯವರೊಬ್ಬರು ಅದನ್ನೇ ಅರ್ಧ ಗಂಟೆ ನೋಡಿದರು. ದಾನಿಗಳ ಮನೆಯ ಅಮ್ಮ ಬಂದರು. ಅವರ ಎದುರೇ ಫೇಡರ್ ಏರಿಸಿದೆ, ಕೂಗಿತು. ಕಿವಿ ಮುಚ್ಚಿಕೊಂಡು, 'ಅಯ್ಯೋ, ನಮ್ಮ ಸ್ಪೀಕರೇ ಹೀಗೆ ಮಾಡುವುದಾ, ತೆಗೆಯಿರಪ್ಪ ಅಲ್ಲಿಂದ' ಅಂದರು. ಒಂದು ವಾರ ನಿದ್ದೆಗೆಟ್ಟದ್ದು ಸುಮ್ನೆ. ಈಗ ಅದು ಮೊದಲ ಬೆಂಚಿನ ಪಕ್ಕ ನಿಂತಿದೆ, ಮೈಕಿನಿಂದ ಏಳಡಿ ಮುಂದೆ.

ಎಕೋ ತೆಗೆದೆ. ಆಮೇಲೆ ಬಲಿಪೀಠದ ಮೈಕ್ ಒಂದೇ ಆನ್ ಮಾಡಿ ನಿಧಾನ ಏರಿಸುತ್ತಾ ಹೋದೆ. ಮೊದಲು ಕೂಗುತ್ತಿದ್ದ ಗೆರೆ ದಾಟಿತು, ಕೂಗಲಿಲ್ಲ. ಇನ್ನೂ ಏರಿಸಿದೆ, ಆಮೇಲೆ ಏ ಅಂತ ಸಣ್ಣಗೆ ಶುರುವಾಯಿತು. ನಮ್ಮ ಕೀಬೋರ್ಡ್ ಹುಡುಗಿ ಹುಡುಕಿದಳು, ಇ ಸ್ವರ, 1320. ನಮ್ಮ ಮಿಕ್ಸರ್‌ನ ಮಿಡ್‌ಗೆ (ನಡುವಿನ ಸ್ವರಗಳಿಗೆ) ಎರಡು ತಿರುಗಣೆ ಇದೆ, ಒಂದು ಜಾಗ ಹುಡುಕಲು, ಇನ್ನೊಂದು ಇಳಿಸಲು. ಇಷ್ಟು ದಿನ ಮೊದಲನೆಯದು ಯಾಕಿದೆ ಅಂತಲೇ ಗೊತ್ತಿರಲಿಲ್ಲ. 1.3 ಕಿಲೋಹರ್ಟ್ಜ್ ಹತ್ತಿರ ತಂದು ನಾಲ್ಕು ಡಿಬಿ ಇಳಿಸಿದೆ. ನಿಂತಿತು.

ಹಳೇ ರೇಡಿಯೋ:
ಶಭಾಷ್. ಅಲ್ಲಿಗೇ ನಿಲ್ಲಿಸಿ. ಮತ್ತೆ ಏರಿಸಿ, ಮತ್ತೊಂದು ಹುಡುಕಿ, ಮತ್ತೊಂದು ಇಳಿಸಿ ಅಂತ ಹೋದರೆ ಆರೇಳು ಗುಂಡಿ ಆದ ಮೇಲೆ ದನಿಯೇ ಉಳಿಯುವುದಿಲ್ಲ. ಎರಡು ಮೂರು ಸಾಕು. ಕೂಗುವ ಗೆರೆ ಗೊತ್ತಾದ ಮೇಲೆ ಅಲ್ಲಿಂದ 6 ಡಿಬಿ ಕೆಳಗೆ ಕೆಲಸ ಮಾಡಿ. ಅಂಚಿನಲ್ಲಿ ನಡೆಸಿದರೆ ಕೂಗದಿದ್ದರೂ ಮಾತಿನ ಬಾಲ ಗುಂಯ್ ಅನ್ನುತ್ತಿರುತ್ತದೆ.

ಖಾಲಿ ಚರ್ಚಿನಲ್ಲಿ, ಕಿಟಕಿ ಮುಚ್ಚಿ ಮಾಡಿದಿರಾ? ಹಾಗಾದರೆ ಭಾನುವಾರ ಜನ ತುಂಬಿದಾಗ ಇನ್ನೂ ಆರಾಮ. ಒಂದು ಮಾತ್ರ ನೆನಪಿರಲಿ. ಹತ್ತು ಡಿಗ್ರಿ ಬಿಸಿ ಏರಿದರೆ ಸದ್ದಿನ ವೇಗ ನೂರಕ್ಕೆ ಎರಡರ ಹತ್ತಿರ ಏರುತ್ತದೆ, ಕೂಗುವ ಸ್ವರವೂ ಅಷ್ಟೇ ಜಾರುತ್ತದೆ. ಈಗಿನ ಥಂಡಿಯಲ್ಲಿ ಕೂರಿಸಿದ್ದನ್ನು ಮಾರ್ಚ್‌ನಲ್ಲಿ ಒಮ್ಮೆ ನೋಡಿ.

ಸಿದ್ದಾಪುರದವ:
ಭಾನುವಾರದ ಕಥೆ. ವಾಚನ ಚೆನ್ನಾಗಿತ್ತು. ಕೊಯರ್ ಚೆನ್ನಾಗಿತ್ತು, ಹಾಡು ಮುಗಿದ ಕೂಡಲೇ ಇಳಿಸಿದೆ. ಒಂದು ಸಲ ಏರಿಸಲು ಮರೆತು ಮೊದಲ ಸಾಲು ಮೈಕಿಲ್ಲದೆ ಹೋಯಿತು, ಕೊಯರ್ ಲೀಡರ್ ಇನ್ನೂ ಮಾತಾಡುತ್ತಿಲ್ಲ. ಆದರೆ ಪ್ರಬೋಧನೆಯಲ್ಲಿ ಮತ್ತೆ ಕೂಗಿತು. ಫಾದರ್ ಕಾಲರ್ ಮೈಕ್ ಹಾಕಿಕೊಂಡು ಮೆಟ್ಟಿಲಿಳಿದು ಮಕ್ಕಳ ಹತ್ತಿರ ಬಂದರು. ಸೀದಾ ದಾನದ ಸ್ಪೀಕರ್ ಎದುರಿಗೆ! ನಾನು ಮುಂದೆ ತಂದಿಟ್ಟೆ, ಅವರು ಅದಕ್ಕಿಂತ ಮುಂದೆ ಬಂದರು.

ಬೆಂಗಳೂರಲ್ಲಿರೋ ಕೊಡಗಿನವ:
ಈಗ ಹೇಳಿ, ಸಪ್ರೆಸರ್ ಬೇಕೋ ಬೇಡವೋ?

ಮೈಕ್‌ಸೆಟ್ ಅಣ್ಣ, ಕುಶಾಲನಗರ:
ಆಟೋ ಮಿಕ್ಸ್ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ, ಮುಂದೆ ಮಿಕ್ಸರ್ ಬದಲಿಸುವಾಗ ನೋಡಲಿ. ಏರಿಸಲು ಮರೆತ ಕಥೆಗೆ ಅದೇ ಮದ್ದು. ಈ ಕಾಲರ್ ಮೈಕಿಗೆ ಮಾತ್ರ ಸಪ್ರೆಸರ್ ಉತ್ತರ ಅಲ್ಲ.

ಕಾಲರ್ ಮೈಕ್ ಸಾಮಾನ್ಯವಾಗಿ ನಾಲ್ಕೂ ಕಡೆಯಿಂದ ಕೇಳುವಂಥದ್ದು. ಎದೆಯ ಮೇಲೆ ಗೇಣು ದೂರದಲ್ಲಿರುತ್ತದೆ. ಫಾದರ್ ತಲೆ ತಿರುಗಿಸಿದರೆ ದನಿ ಹೋಗುತ್ತದೆ, ಪೂಜಾವಸ್ತ್ರ ಉಜ್ಜಿದರೆ ಪರಪರ ಅನ್ನುತ್ತದೆ. ಅದೇ ಟ್ರಾನ್ಸ್‌ಮಿಟರ್‌ಗೆ ಕಿವಿಗೆ ಸಿಕ್ಕಿಸುವ ಸಣ್ಣ ಮೈಕ್ ಬರುತ್ತದೆ. ಬಾಯಿಯ ಮೂಲೆಯಿಂದ ಎರಡು ಮೂರು ಬೆರಳು. ಎಂಟು ಇಂಚಿನಿಂದ ಎರಡಕ್ಕೆ ಬಂದಿರಿ ಅಂದರೆ ಮತ್ತೆ ಅದೇ 12 ಡಿಬಿ. ಸಪ್ರೆಸರ್ ದುಡ್ಡಿನ ಕಾಲು ಭಾಗವೂ ಬೇಕಾಗಲಿಕ್ಕಿಲ್ಲ. ಪ್ಲಗ್ ನಿಮ್ಮ ಟ್ರಾನ್ಸ್‌ಮಿಟರ್‌ಗೆ ಹೊಂದುತ್ತದಾ ಅಂತ ಮೊದಲು ನೋಡಿ. ಎಲ್ಲಾ ಕಂಪನಿಯದೂ ಒಂದೇ ಅಲ್ಲ.

ಬಾಯಿಯ ನೇರಕ್ಕೆ ತರಬೇಡಿ, ಉಸಿರು ಹೊಡೆಯುತ್ತದೆ. ಕೆನ್ನೆಯ ಪಕ್ಕ ಇರಲಿ.

ಕೀಬೋರ್ಡ್ ಅಕ್ಕ:
ನಮ್ಮ ಫಾದರ್ ಮೊದಲು ಒಪ್ಪಲಿಲ್ಲ, ಟಿವಿಯವರ ಹಾಗೆ ಕಾಣುತ್ತದೆ ಅಂದರು. ಚರ್ಮದ ಬಣ್ಣದ್ದು ತಂದು ಕೊಟ್ಟೆವು. ಈಗ ತೆಗೆಯಲು ಮರೆತು ಪೂಜೆ ಮುಗಿದ ಮೇಲೆ ಅಡುಗೆಯವರಿಗೆ ಮೀನಿನ ಲೆಕ್ಕ ಹೇಳಿದ್ದು ಇಡೀ ಚರ್ಚಿಗೆ ಕೇಳಿಸಿದೆ. ಸಿದ್ದಾಪುರದವರೇ, ಮ್ಯೂಟ್ ನಿಮ್ಮ ಕೈಯಲ್ಲೇ ಇರಲಿ.

ಕಾಫಿ ಗೋಣಿ:
ಯಾವ ಮೀನು?

ಕೀಬೋರ್ಡ್ ಅಕ್ಕ:
ಮತ್ತಿ. ಎರಡು ಕಿಲೋ.

(ಆಗಸ್ಟ್ ಕೊನೆ)

ಸಿದ್ದಾಪುರದವ:
ಕಿವಿ ಮೈಕ್ ಬಂತು. ಫಾದರ್ ಎರಡು ವಾರ ಗೊಣಗಿದರು, ಈಗ ಅವರೇ ಸಿಕ್ಕಿಸಿಕೊಳ್ಳುತ್ತಾರೆ. ಮಳೆ ಜೋರಿದ್ದ ದಿನವೂ ಕೂಗಲಿಲ್ಲ. ಕೊನೆಯ ಬೆಂಚಿನವರಿಗೆ ಮಾತ್ರ ಶೀಟಿನ ಸದ್ದಿನಲ್ಲಿ ಇನ್ನೂ ಕಷ್ಟ. ಅಲ್ಲಿಗೆ ಎರಡು ಕಾಲಂ ಬಾಕ್ಸ್ ಸರಿಸಬೇಕು ಅಂತಿದ್ದೇನೆ. ಮುಂದಿನದನ್ನು ಜೋರು ಮಾಡುವುದಕ್ಕಿಂತ ಅದು ವಾಸಿ ಅಲ್ವಾ? ಸಪ್ರೆಸರ್ ದುಡ್ಡಲ್ಲಿ ಶೀಟಿನ ಕೆಳಗೆ ಸೀಲಿಂಗ್ ಹಾಕಿಸುವ ಮಾತು ಕಮಿಟಿಯಲ್ಲಿ ಬಂದಿದೆ. ಆ ದುಡ್ಡು ಸಾಲದು, ಮಾತು ಬಂದಿದೆ ಅಷ್ಟೇ.

ಈಗ ಹೊಸ ಪ್ರಶ್ನೆ. ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯಮ್ಮನ ಜನನದ ಹಬ್ಬ. ಕೊಂಕಣಿಯವರು ಮೊಂತಿ ಫೆಸ್ತ್ ಅಂತಾರಲ್ಲ, ಅದೇ. ಮಕ್ಕಳು ಹೂ ಹಾಕುತ್ತಾ ಮೆರವಣಿಗೆ. ಜೀಪಿನ ಮೇಲೆ ಹಾರ್ನ್ ಕಟ್ಟುತ್ತೇವೆ, ಒಬ್ಬರು ಕಾರ್ಡ್‌ಲೆಸ್ ಹಿಡಿದು ಜಪಸರ ಹೇಳಿಸುತ್ತಾರೆ. ಹೋದ ವರ್ಷ ದಾರಿಯುದ್ದಕ್ಕೂ ಕೂಗಿತ್ತು.

ಮೈಕ್‌ಸೆಟ್ ಅಣ್ಣ, ಕುಶಾಲನಗರ:
ಹಿಂದಿನ ಬೆಂಚಿಗೆ ಬಾಕ್ಸ್ ಸರಿಸಿ, ಸರಿಯಾದ ಯೋಚನೆ. ಮುಂದಿನದು ಅಷ್ಟಕ್ಕಷ್ಟೇ ಇಳಿಸಿ.

ಮೆರವಣಿಗೆಯಲ್ಲಿ ಮೈಕ್ ಹಿಡಿದವರು ಎಲ್ಲಿದ್ದರು? ಜೀಪಿನ ಮುಂದೆ ಇರಬೇಕು.

ಸಿದ್ದಾಪುರದವ:
ಹೌದು, ಶಿಲುಬೆಯ ಹಿಂದೆ, ಜೀಪಿನ ಮುಂದೆ.

ಮೈಕ್‌ಸೆಟ್ ಅಣ್ಣ, ಕುಶಾಲನಗರ:
ಹಾರ್ನ್ ಬಾಯಿಯ ಎದುರು ಮೈಕ್ ಹಿಡಿದು ನಡೆದರೆ ಇನ್ನೇನಾಗುತ್ತದೆ ಮಾರಾಯರೇ. ಅವರನ್ನು ಜೀಪಿನ ಹಿಂದೆ ನಡೆಸಿ, ಹಾರ್ನ್ ಮುಂದಕ್ಕೆ ಮುಖ ಮಾಡಿರಲಿ. ಹಿಂದಿನ ಜನರಿಗೆ ಬೇಕು ಅಂದರೆ ಇನ್ನೊಂದು ಹಾರ್ನನ್ನು ಎತ್ತರಕ್ಕೆ ಕಟ್ಟಿ, ಅವರ ತಲೆ ದಾಟಿ ಹೋಗುವ ಹಾಗೆ, ಅದರ ವಾಲ್ಯೂಮ್ ಕಡಿಮೆ. ಕಾರ್ಡ್‌ಲೆಸ್‌ಗೆ ಹೊಸ ಸೆಲ್ ಹಾಕಿ, ಜೇಬಲ್ಲಿ ಎರಡು ಜಾಸ್ತಿ ಇರಲಿ.

ನಾಪೋಕ್ಲು ಮೈಕ್:
ಮಳೆ ಬಂದರೆ ಕೊಡೆಯನ್ನು ಮೈಕಿನ ಮೇಲೆ ತೀರಾ ತಗ್ಗಿಸಿ ಹಿಡಿಯಬೇಡಿ. ಅದೂ ಒಂದು ಬಟ್ಟಲೇ.

ಸಿದ್ದಾಪುರದವ:
ಸರಿ ಅಣ್ಣ. ಜೀಪಿನವನಿಗೆ ಈಗಲೇ ಫೋನ್ ಮಾಡುತ್ತೇನೆ, ಹಾರ್ನ್ ಕಟ್ಟುವ ಕಂಬ ಹಿಂದಕ್ಕೆ ಬೆಸುಗೆ ಹಾಕಿಸಿದ್ದಾನೆ ಅವನು.